ಒಳಜೇಬಿನ ಅಳತೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಿದರೆ ಒಬ್ಬರ ಗುಟ್ಟು ಹೊರಬೀಳುತ್ತದೆ, ಹೇಳದಿದ್ದರೆ ಇನ್ನೊಬ್ಬನ ಮಾನ ಈಗ ಬಿದ್ದಿರುವ ಹಾಗೆಯೇ ಬೀದಿಯಲ್ಲಿ ಬಿದ್ದಿರುತ್ತದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ತೂಗಿ ನೋಡುವಷ್ಟು ಬುದ್ಧಿ ನನಗಿಲ್ಲ. ಬಹಳ ದಿನ ಯೋಚಿಸಿ, ಹೇಳಿಬಿಡುವುದೇ ಸರಿ ಎಂದು ಕೂತಿದ್ದೇನೆ. ತಪ್ಪಾದರೆ ಮನ್ನಿಸಬೇಕು.

ಸಿಮೆಂಟ್ ಸಾಹುಕಾರರು ಸೋಮವಾರ ಬೆಳಿಗ್ಗೆ "ವಸೂಲಿಗೆ ಹೋಗಿದ್ದು ಸಂಜೆ ಬರ್ತೀನಿ" ಎಂದು ಹೆಂಡತಿಗೆ ಹೇಳಿ ಹೊರಟವರು ಗುರುವಾರವಾದರೂ ಬಂದಿರಲಿಲ್ಲ. ಫೋನು ಸತ್ತಿತ್ತು. ಪೊಲೀಸಿಗೆ ದೂರು ಹೋಗಿತ್ತು. ಅವರ ಅಂಗಡಿಯ ಬಾಗಿಲು ಮುಚ್ಚಿತ್ತು, ಬೀದಿಯ ಬಾಯಿ ಮಾತ್ರ ಮೂರು ದಿನದಿಂದ ಮುಚ್ಚಿರಲಿಲ್ಲ.

ಅದೇ ಬೀದಿಯಲ್ಲಿ, ಒಂದು ಮಹಡಿ ಮೆಟ್ಟಿಲಿನ ಕೆಳಗೆ ನಮ್ಮ ಟೈಲರನ ಅಂಗಡಿ. ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗಿರಾಕಿಗಳಿಗೊಂದು ಬೆಂಚು. ಇಷ್ಟಕ್ಕೇ ಜಾಗ ಮುಗಿದು, ಟೈಲರ್ ಮಿಕ್ಕಿದ್ದರಲ್ಲಿ ತೂರಿಕೊಂಡಿದ್ದ. ಯಾರಾದರೂ ಜೋರಾಗಿ ಮಾತಾಡಿದರೆ ತನ್ನದೇ ಏನೋ ತಪ್ಪಾಗಿದೆ ಎಂದುಕೊಳ್ಳುವ ಸ್ವಭಾವ. ಬೆಂಚಿನ ಮೇಲೆ ಆವತ್ತೂ ಎಂದಿನಂತೆ ಲೆಕ್ಕದ ಮೇಷ್ಟ್ರು ಪೇಪರು ಹರಡಿಕೊಂಡು ಕೂತಿದ್ದರು. ರಿಟೈರಾಗಿ ಎಂಟು ವರ್ಷವಾಗಿತ್ತು, ಬೆಂಚಿನಿಂದ ಆಗಿರಲಿಲ್ಲ.

ಪಕ್ಕದ ಜೆರಾಕ್ಸ್ ಅಂಗಡಿಯವನು 'ಕಾಣೆಯಾಗಿದ್ದಾರೆ' ಎಂಬ ಹಾಳೆಗಳ ಕಟ್ಟು ಹಿಡಿದು ಬಂದ. ಹಿಂದೆಯೇ, ಆ ಹಾಳೆಗಳನ್ನು ಒಯ್ಯಲು ಸಾಹುಕಾರರ ಬಾಮೈದ ಬಂದು ಬಾಗಿಲಿಗೆ ಒರಗಿ ನಿಂತ.

"ಟವರ್ ಸಿಕ್ಕಿದೆಯಂತೆ ಮೇಷ್ಟ್ರೇ," ಎಂದ ಜೆರಾಕ್ಸಿನವನು. ಫೋನಿಗೆ ಕವರ್ ಮಾರುತ್ತಿದ್ದುದರಿಂದ ಟವರ್ ವಿಷಯದಲ್ಲಿ ಅವನ ಮಾತೇ ಬೀದಿಗೆ ಕೊನೆಯದು. "ಸೋಮವಾರ ಹತ್ತು ಗಂಟೆಗೆ ಕೊನೇ ಸಿಗ್ನಲ್. ಬಸ್ ಸ್ಟ್ಯಾಂಡು, ದೊಡ್ಡಾಸ್ಪತ್ರೆ, ಮೂರು ಲಾಡ್ಜು, ಇಷ್ಟಕ್ಕೂ ಒಂದೇ ಟವರ್."

"ಆಸ್ಪತ್ರೆಗೇನಾದ್ರೂ..." ಎಂದ ಟೈಲರ್.

"ಆಸ್ಪತ್ರೆಗೆ ಹೋಗೋರು ಮನೇಲಿ ಹೇಳಿ ಹೋಗ್ತಾರೆ ಟೈಲರ್ರೇ. ಹೇಳದೆ ಹೋಗೋದು ಲಾಡ್ಜಿಗೆ."

ಮೇಷ್ಟ್ರು ಪೇಪರು ಮಡಿಸಿದರು. "ಹೆಂಗಸಿನ ವಿಷಯ ಅಂತೀಯಾ?"

"ನಾನು ಅಂದಿಲ್ಲ. ಟವರ್ ಹೇಳ್ತಿದೆ."

ಟೈಲರಿಗೆ ಸಂಕಟವಾಯಿತು. ಹೊಲಿಗೆ ಕೂಲಿಯಲ್ಲಿ ಚೌಕಾಸಿ ಮಾಡದೆ ಇದ್ದ ಒಬ್ಬರೇ ಗಿರಾಕಿ ಸಾಹುಕಾರರು. ಅವರ ಮಾನ ಹೀಗೆ, ಅದೂ ಬಾಮೈದನ ಎದುರಿಗೆ, ಹರಿದು ಹೋಗುವುದನ್ನು ನೋಡಲಾಗದೆ ಬಾಯಿ ಬಿಟ್ಟ. "ಓಡಿಹೋಗೋರು ಪ್ಯಾಂಟ್ ಹೊಲಿಯೋಕೆ ಕೊಟ್ಟು ಹೋಗ್ತಾರಾ? ಎರಡು ಪ್ಯಾಂಟು, ಭಾನುವಾರವೇ ಬೇಕು ಅಂದಿದ್ರು. ಗುಂಡಿಗೆ ಕಾಜಾ ಹಾಕೋನು ಬರ್ಲಿಲ್ಲ ಅಂತ ತಡ ಆಯ್ತು. ಅದರಲ್ಲಿ ಒಳಜೇಬು ಬೇರೆ ಇಡಿಸಿದಾರೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. 'ಇದು ನಮ್ಮಿಬ್ಬರಲ್ಲೇ ಇರ್ಲಿ' ಎಂದು ಸಾಹುಕಾರರು ಎರಡು ಸಲ ಹೇಳಿದ್ದರು.

"ಎಂಥ ಒಳಜೇಬು?" ಎಂದರು ಮೇಷ್ಟ್ರು, ಪಾಠದ ದನಿಯಲ್ಲಿ.

ಆ ದನಿಗೆ ಉತ್ತರ ಹೇಳದೆ ಇರುವ ಶಕ್ತಿ ಟೈಲರಿಗೆ ಹುಟ್ಟಿನಿಂದಲೇ ಇರಲಿಲ್ಲ. ಎಡ ತೊಡೆಯ ಒಳಬದಿಗೆ. ಉದ್ದ ಹನ್ನೆರಡು ಇಂಚು, ಅಗಲ ಐದು. ದಪ್ಪ ಅಸ್ತರು. ಆ ಕಾಲು ಮಾತ್ರ ಒಂದಿಷ್ಟು ದೊಗಳೆ. ಜೇಬಿನ ತಳದಲ್ಲಿ ಒಂದು ಸಣ್ಣ ಸೀಳು.

"ತಳದಲ್ಲಿ ಸೀಳು ಯಾಕೆ?"

"ನಾನು ಕೇಳ್ಲಿಲ್ಲ ಮೇಷ್ಟ್ರೇ."

"ಗಾಳಿ ಆಡೋಕೆ," ಎಂದು ಮೇಷ್ಟ್ರು ಅದನ್ನು ಲೆಕ್ಕದಿಂದ ಕೈಬಿಟ್ಟರು. "ಪ್ಯಾಂಟ್ ತೆಗಿ."

ಅರ್ಧ ಗಂಟೆಯಲ್ಲಿ ಇಸ್ತ್ರಿ ಮೇಜಿನ ಸುತ್ತ ಹದಿನೈದು ಜನ. ಜೆರಾಕ್ಸಿನವನು ಹಾಳಾದ ಕಾಗದಗಳನ್ನು ಐನೂರರ ನೋಟಿನ ಅಳತೆಗೆ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ, ಕಟ್ಟು ಮಾಡಿ ತಂದ. ಮೇಷ್ಟ್ರು ಒಂದೊಂದಾಗಿ ಜೇಬಿಗೆ ತುರುಕಿದರು. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಒಂದರ ಮೇಲೊಂದು ಮೂರು. ಪ್ಯಾಂಟಿನ ಎಡಗಾಲು ಆನೆಕಾಲಿನ ಹಾಗೆ ಊದಿಕೊಂಡಿತು.

"ಹನ್ನೆರಡು ಕಟ್ಟು. ಕಟ್ಟಿಗೆ ಐವತ್ತು ಸಾವಿರ, ಆರು ಲಕ್ಷ," ಎಂದರು. "ಆದ್ರೆ ಕೊನೇ ಕಟ್ಟು ಪೂರ್ತಿ ಕೂರ್ತಿಲ್ಲ. ಹೊಲಿಗೆ ಅಂಚು ತಿಂತಾ ಇದೆ. ಇಪ್ಪತ್ತು ಸಾವಿರ ಕಳೀರಿ. ಐದು ಲಕ್ಷ ಎಂಬತ್ತು ಸಾವಿರ."

"ಎರಡು ಪ್ಯಾಂಟಲ್ವಾ ಮೇಷ್ಟ್ರೇ, ಅದರ ಎರಡರಷ್ಟು?" ಎಂದರು ಯಾರೋ.

"ಎರಡು ಪ್ಯಾಂಟು ಒಂದರ ಮೇಲೊಂದು ಹಾಕ್ಕೊಳ್ತಾರೇನಯ್ಯಾ?"

ಉಳಿದದ್ದು ಸಲೀಸಾಯಿತು. ಸಾಹುಕಾರರಿಗೆ ಮೊದಲೇ ಬೆದರಿಕೆ ಬಂದಿದೆ. ದುಡ್ಡು ಒಯ್ಯಲಿಕ್ಕೆಂದೇ ಜೇಬು ಹೊಲಿಸಿದ್ದಾರೆ. ಪ್ಯಾಂಟು ಭಾನುವಾರ ಸಿಕ್ಕಿಲ್ಲ. ಕೊಡುವ ದಿನ ತಪ್ಪಿತು. ಸೋಮವಾರ ಬೆದರಿಕೆ ಹಾಕಿದವರು ಸಾಹುಕಾರರನ್ನೇ ಎತ್ತಿಕೊಂಡು ಹೋದರು.

"ಅಂದ್ರೆ ಕಾಜಾ ಹಾಕೋದು ತಡ ಆಗಿದ್ದಕ್ಕೆ ಇಷ್ಟೆಲ್ಲಾ," ಎಂದು ಜೆರಾಕ್ಸಿನವನು ನಿಟ್ಟುಸಿರು ಬಿಟ್ಟ. ಹದಿನೈದು ಜೊತೆ ಕಣ್ಣು ಟೈಲರ್ ಕಡೆ ತಿರುಗಿದವು. ಅವನು, ಯಾವುದಕ್ಕೂ ಇರಲಿ ಎಂದು, "ಕ್ಷಮಿಸಿ" ಎಂದ.

ಬಾಮೈದ ಹಾಳೆಗಳ ಕಟ್ಟು ಎತ್ತಿಕೊಂಡು ಹೋದ.

ಮಧ್ಯಾಹ್ನ ಎರಡು ಗಂಟೆಗೆ ಬಾಮೈದನ ಫೋನಿಗೆ ಕರೆ ಬಂತು. ಬಾಯಿಗೆ ಬಟ್ಟೆ ಮುಚ್ಚಿಕೊಂಡು ಮಾತಾಡಿದಂಥ ದನಿ. ಸಾಹುಕಾರರು ಜೀವಂತ ಬೇಕಿದ್ದರೆ ನಾಲ್ಕು ಗಂಟೆಗೆ ರೈಲ್ವೆ ಗೋಡೌನಿನ ಹಿಂದೆ ಬಾಮೈದ ಒಬ್ಬನೇ ದುಡ್ಡು ತಂದಿಡಬೇಕು. ಎಷ್ಟು? ಐದು ಲಕ್ಷ ಎಂಬತ್ತು ಸಾವಿರ.

ಎರಡೂ ಮುಕ್ಕಾಲಿಗೆ ಇನ್‌ಸ್ಪೆಕ್ಟರ್ ಟೈಲರ್ ಅಂಗಡಿಯಲ್ಲಿದ್ದರು.

"ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ," ಎಂದರು ಅವರು, ಟೈಲರನ ಸ್ಟೂಲಿನ ಮೇಲೆ ಕೂತು, "ಎಂಬತ್ತು ಸಾವಿರ ಅಂತ ಚಿಲ್ಲರೆ ಸೇರಿಸಿ ಕೇಳಿದ ಕಳ್ಳನ್ನ ನಾನು ನೋಡಿಲ್ಲ. ಹತ್ತು ಕೇಳ್ತಾರೆ, ಇಪ್ಪತ್ತು ಕೇಳ್ತಾರೆ. ಹೊಲಿಗೆ ಅಂಚು ಕಳೆದು ಕೇಳೋದು ಯಾರ್ರೀ?"

"ಸಾರ್, ಲೆಕ್ಕ ಮೇಷ್ಟ್ರದ್ದು," ಎಂದ ಟೈಲರ್. ಹೇಳಿದ ತಕ್ಷಣ, ಚಾಡಿ ಹೇಳಿದೆನೇನೋ ಎಂದು ನಾಚಿಕೆಯಾಯಿತು.

ಮೇಷ್ಟ್ರು ಬೆಂಚಿನಿಂದ ಎದ್ದು ನಿಂತಿದ್ದರು. "ಲೆಕ್ಕ ಹಾಕಿದ್ದು ನಾನೇ, ಇಲ್ಲ ಅನ್ನಲ್ಲ. ಅಳತೆ ಕೊಟ್ಟೋರು ಇವರು. ಅಳತೆ ಕೊಟ್ಟರೆ ಉತ್ತರ ಯಾರು ಮಾಡಿದ್ರೂ ಅದೇ ಬರುತ್ತೆ ಸಾರ್."

"ನಾನು ಬರೀ ಕಾಗದ ಕತ್ತರಿಸಿದ್ದು," ಎಂದ ಜೆರಾಕ್ಸಿನವನು. "ಜೇಬಿನ ವಿಷಯ ಮೊದಲು ಎತ್ತಿದ್ದು ಟೈಲರ್ರೇ. ಯಾರೂ ಕೇಳದೇ ಇದ್ರೂ ಎತ್ತಿದ್ರು."

ಹದಿನೈದು ಜನದಲ್ಲಿ ಮಿಕ್ಕ ಹದಿಮೂರು ಮಂದಿಗೆ ಆ ಬೆಳಿಗ್ಗೆ ತಾವು ಆ ಅಂಗಡಿಗೆ ಬಂದದ್ದೇ ನೆನಪಿರಲಿಲ್ಲ.

"ಕರೆ ಬಂದ ನಂಬರ್ ಆಗಲೇ ಸತ್ತಿದೆ," ಎಂದರು ಇನ್‌ಸ್ಪೆಕ್ಟರ್. "ಯಾರ ಹೆಸರಲ್ಲೂ ಇಲ್ಲ. ಆದ್ರೆ ಎಲ್ಲಿಂದ ಮಾಡಿದ್ದು ಅಂತ ಟ್ರೇಸ್ ಆಗಿದೆ. ಇದೇ ಬೀದಿ. ಎರಡು ಗಂಟೆಗೆ ನೀವೆಲ್ಲಿದ್ರಿ?"

"ಇಲ್ಲೇ ಸಾರ್," ಎಂದ ಟೈಲರ್. "ಇದೇ ಬೀದಿಲಿ."

"ನೋಡಿದ್ರಾ," ಎಂದರು ಯಾರೋ ಮೆಲ್ಲಗೆ, ಸಮಾಧಾನದಿಂದ.

ಆರು ಗಂಟೆಯೊಳಗೆ ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಟೈಲರನ್ನು ಸ್ಟೇಷನ್ನಿಗೆ ಒಯ್ಯುವುದಾಗಿ ಹೇಳಿ ಇನ್‌ಸ್ಪೆಕ್ಟರ್ ಒಬ್ಬ ಕಾನ್‌ಸ್ಟೇಬಲನ್ನು ಬೆಂಚಿನ ಮೇಲೆ ಕೂರಿಸಿ ಹೋದರು. ಇದ್ದದ್ದನ್ನೆಲ್ಲ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ ಟೈಲರಿಗೆ ಹೇಳಲು ಇನ್ನೇನೂ ಉಳಿದಿರಲಿಲ್ಲ. ಯಂತ್ರ ತುಳಿದರೆ ಹೊಲಿಗೆ ಇರುವೆ ಸಾಲಿನ ಹಾಗೆ ಸೊಟ್ಟ ಹೋಯಿತು. ಅಷ್ಟರಲ್ಲಿ ಗಿರಾಕಿಗಳು ಬರತೊಡಗಿದರು, ಬಟ್ಟೆ ವಾಪಸ್ಸು ಒಯ್ಯಲು. ಒಬ್ಬರು ಕತ್ತರಿಸಿಟ್ಟ ಜುಬ್ಬದ ತುಂಡುಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡರು. ಇನ್ನೊಬ್ಬರು ಒಂದು ತೋಳಿನ ಅಂಗಿಯನ್ನು ಹಾಗೆಯೇ ಹೊತ್ತುಕೊಂಡು ಹೋದರು. ಇನ್ನೊಂದು ತೋಳು ಯಂತ್ರದ ಸೂಜಿಯ ಕೆಳಗಿತ್ತು, ಕೇಳಲು ಅವರಿಗೆ ಧೈರ್ಯವಾಗಲಿಲ್ಲ.

ಮೂರೂವರೆಗೆ ಊಟದ ಡಬ್ಬಿ ಹಿಡಿದು ಟೈಲರನ ಹೆಂಡತಿ ಬಂದಳು. ವಿಷಯ ತಿಳಿದು ಬೀದಿಗೆ ಮುಖ ಮಾಡಿ ನಿಂತಳು. "ಈ ಮನುಷ್ಯನ ಕೈಲಿ ಒಂದು ಗುಂಡಿ ಕದಿಯೋಕಾಗಲ್ಲ. ಗಿರಾಕಿ ಮರೆತು ಹೋದ ಚಿಲ್ಲರೇನ ಮನೆ ಹುಡುಕ್ಕೊಂಡು ಹೋಗಿ ಕೊಟ್ಟು ಬೈಸ್ಕೊಂಡು ಬರೋ ಮನುಷ್ಯ. ಇಂಥವನು ಸಾಹುಕಾರ್ರನ್ನ ಎತ್ತಾಕ್ಕೊಂಡು ಹೋಗ್ತಾನಾ? ಇವನ ಕೈಲಿ ಇಸ್ತ್ರಿ ಪೆಟ್ಟಿಗೆ ಎತ್ತೋಕೇ ಆಗಲ್ಲ."

ಕೊನೆಯ ಮಾತಿಗೆ ಕಾನ್‌ಸ್ಟೇಬಲ್ ನಕ್ಕುಬಿಟ್ಟ. ಟೈಲರಿಗೆ ಅವಮಾನವೂ ಆಯಿತು, ಹೆಂಡತಿಯ ಮೇಲೆ ಹಿಂದೆಂದೂ ಬಾರದಷ್ಟು ಪ್ರೀತಿಯೂ ಬಂತು.

ನಾಲ್ಕಕ್ಕೆ ಬಾಮೈದ ದುಡ್ಡಿನ ಚೀಲದೊಂದಿಗೆ ಒಬ್ಬನೇ ಗೋಡೌನಿಗೆ ಹೋದ. ಪೊಲೀಸರು ದೂರದಲ್ಲಿರಲಿ, ಅಕ್ಕನ ತಾಳಿಯ ಪ್ರಶ್ನೆ ಎಂದು ಕೈಮುಗಿದಿದ್ದ. ದೂರ ಸ್ವಲ್ಪ ಹೆಚ್ಚೇ ಆಯಿತು. ಚೀಲ ಇಟ್ಟದ್ದೂ ಎತ್ತಿದ್ದೂ ಯಾರಿಗೂ ಕಾಣಲಿಲ್ಲ. ಐದೂವರೆಗೆ ಸಿಮೆಂಟ್ ಸಾಹುಕಾರರು ಆಟೋದಲ್ಲಿ ಮನೆಯ ಮುಂದೆ ಇಳಿದರು.

ಸುದ್ದಿ ಕೇಳಿ ಟೈಲರ್ ಓಡಿದ, ಹಿಂದೆ ಕಾನ್‌ಸ್ಟೇಬಲ್, ಅವನ ಹಿಂದೆ ಬೀದಿ. ಕಟ್ಟಿಹಾಕಿದ ಕರು ಬಿಚ್ಚಿದಾಗ ಓಡುವ ಹಾಗೆ ಓಡಿದ ಎಂದು ನೋಡಿದವರು ಹೇಳುತ್ತಾರೆ. ಸಾಹುಕಾರರು ಬಂದಾಯಿತು, ಇನ್ನು ಅವರೇ ಎಲ್ಲ ಹೇಳುತ್ತಾರೆ.

ಸಾಹುಕಾರರು ಸೊಂಟದಿಂದ ಕೆಳಗೆ ಹೊದಿಕೆ ಎಳೆದುಕೊಂಡು ಮಂಚದ ಮೇಲೆ ಒರಗಿದ್ದರು. ಮೂರು ದಿನಕ್ಕೆ ಮೂರು ವರ್ಷ ವಯಸ್ಸಾದ ಹಾಗಿದ್ದರು. ಹೆಂಡತಿ ಅಳುತ್ತಿದ್ದರು. ಮೇಷ್ಟ್ರು ಆಗಲೇ ಬಂದು ಜೇಬು, ಕಟ್ಟು, ಅಂಚು, ಎಲ್ಲವನ್ನೂ ಒಪ್ಪಿಸಿಯಾಗಿತ್ತು. ಸಾಹುಕಾರರು ಟೈಲರ್ ಮುಖ ನೋಡಿ, "ಎಲ್ಲಾ ಸ್ವಲ್ಪ ಹೊರಗಿರಿ. ಇವನನ್ನ ನಾನೇ ಒಂದೆರಡು ಮಾತು ಕೇಳ್ಬೇಕು," ಎಂದರು. ಅಲ್ಲೇ ಇದ್ದ ಇನ್‌ಸ್ಪೆಕ್ಟರ್ ಒಪ್ಪಿದರು. ಬಾಗಿಲು ಮುಚ್ಚಿತು. ಒಳಗೆ ನಡೆದದ್ದನ್ನು ಟೈಲರ್ ಹೇಳಿದ್ದರಿಂದಲೇ ನನಗೆ ಗೊತ್ತು.

ಸಾಹುಕಾರರು ಹೊದಿಕೆ ಸರಿಸಿದರು. ಎಡ ತೊಡೆಗೆ ಪಟ್ಟಿಯಿಂದ ಬಿಗಿದ ಒಂದು ಪ್ಲಾಸ್ಟಿಕ್ ಚೀಲ, ಮೇಲಿನಿಂದ ಅದಕ್ಕೊಂದು ಟ್ಯೂಬು, ತಳದಲ್ಲೊಂದು ಪುಟ್ಟ ನಲ್ಲಿ. ಉದ್ದ ಹನ್ನೊಂದೂವರೆ, ಅಗಲ ನಾಲ್ಕೂ ಮುಕ್ಕಾಲು ಎಂದು ಟೈಲರನ ಕಣ್ಣು ತಾನಾಗಿ ಅಳೆಯಿತು.

"ಪ್ರಾಸ್ಟೇಟ್ ಆಪರೇಷನ್. ಎರಡು ವಾರ ಈ ಮೂತ್ರದ ಚೀಲ ಕಟ್ಟಿಕೊಂಡಿರಬೇಕು, ಪ್ಯಾಂಟಿಗೆ ಒಳಜೇಬು ಹೊಲಿಸ್ಕೊಳ್ಳಿ ಅಂತ ಡಾಕ್ಟರೇ ಹೇಳಿದ್ದು. ಒಂದೇ ದಿನ ಅಂದಿದ್ರು. ರಕ್ತ ನಿಲ್ಲಲಿಲ್ಲ."

"ಮನೆಗೆ ಒಂದು ಫೋನು..."

"ಮಾಡಿದ್ರೆ ಎಲ್ಲಿದೀನಿ ಅಂತ ಹೇಳ್ಬೇಕಲ್ಲ. ಈ ಬೀದಿ ಗೊತ್ತಲ್ಲ ನಿಂಗೆ. ಸಿಮೆಂಟ್ ಕೇಳೋಕೆ ಬಂದೋನು ಮೊದಲು ನನ್ನ ಪ್ಯಾಂಟ್ ನೋಡ್ತಾನೆ."

ಟೈಲರಿಗೆ ಎದೆ ಹಗುರಾಯಿತು. "ಇಷ್ಟೇ ತಾನೇ ಸಾಹುಕಾರ್ರೇ. ಹೊರಗೆ ಬಂದು ಒಂದು ಮಾತು ಹೇಳ್ಬಿಡಿ. ನನ್ನ ಬಿಡ್ತಾರೆ."

"ಹೇಳಬಹುದು. ಆಮೇಲೆ? ನಾನು ಆಸ್ಪತ್ರೆಲಿದ್ದೆ ಅಂದ್ರೆ ನನ್ನ ಯಾರೂ ಎತ್ತಾಕ್ಕೊಂಡು ಹೋಗಿಲ್ಲ ಅಂತಾಯ್ತು. ಹಾಗಾದ್ರೆ ಆ ದುಡ್ಡು ಎಲ್ಲಿಗೆ ಹೋಯ್ತು?"

ಮುಚ್ಚಿದ ಬಾಗಿಲಿನ ಆಚೆ, ತಾನು ಚೀಲ ಇಟ್ಟು ಬಂದದ್ದನ್ನು ಬಾಮೈದ ಯಾರಿಗೋ ಮತ್ತೆ ಹೇಳುತ್ತಿದ್ದ. ಸಾಹುಕಾರರು ಬಾಗಿಲ ಕಡೆ ನೋಡಿದರು.

"ನಂಗೊತ್ತಿಲ್ಲ," ಎಂದರು ಸಾಹುಕಾರರು. "ಗೊತ್ತು ಮಾಡ್ಕೊಳ್ಳೋಕೂ ಇಷ್ಟ ಇಲ್ಲ. ನನ್ನ ಹೆಂಡ್ತಿಗೆ ಇರೋನು ಒಬ್ಬನೇ ತಮ್ಮ."

"ನನ್ನ ಹೆಂಡ್ತಿಗೆ ಇರೋನು ಒಬ್ಬನೇ ಗಂಡ ಸಾಹುಕಾರ್ರೇ."

"ಹೆದರಬೇಡ. ನಿನ್ನ ಹೆಸರು ನನ್ನ ಬಾಯಲ್ಲಿ ಬರಲ್ಲ. ಆ ಜೇಬಿನ ವಿಷಯ ಯಾರಿಗೂ ಹೇಳ್ಬೇಡ ಅಂದಿದ್ದೆ ತಾನೇ ನಿಂಗೆ?"

ಟೈಲರ್ ಹೊದಿಕೆಯನ್ನು ಮತ್ತೆ ಅವರ ಸೊಂಟದವರೆಗೆ ಎಳೆದ.

ಬಾಗಿಲು ತೆರೆಯಿತು. ಸಾಹುಕಾರರು ಇನ್‌ಸ್ಪೆಕ್ಟರಿಗೆ ನಿಧಾನವಾಗಿ ಹೇಳಿದರು: ಇಬ್ಬರಿದ್ದರು, ಕಾರಿತ್ತು, ಕಣ್ಣಿಗೆ ಬಟ್ಟೆ ಕಟ್ಟಿದ್ದರು. "ದನಿ ಕೇಳಿದೀನಿ. ಆದ್ರೆ ಇವನದ್ದೇ ಅಂತ ಖಂಡಿತವಾಗಿ ಹೇಳೋಕಾಗಲ್ಲ ಸಾರ್. ದುಡ್ಡು ಹೋದ್ರೆ ಹೋಗ್ಲಿ. ಬಿಟ್ಬಿಡಿ. ಸಂಸಾರಸ್ಥ."

ಬೀದಿಗೆ ಬೀದಿಯೇ ಸಾಹುಕಾರರ ದೊಡ್ಡ ಮನಸ್ಸಿಗೆ ಕಣ್ಣೊರೆಸಿಕೊಂಡಿತು. ಟೈಲರ್ ಬಾಯಿ ತೆರೆದ. ಹೇಳಬೇಕೆಂದರೆ ಆ ಹೊದಿಕೆಯ ಕೆಳಗಿರುವುದನ್ನು ಹೇಳಬೇಕು. ಬೆಳಿಗ್ಗೆ ಒಳ್ಳೆಯದಕ್ಕೆಂದು ಹೇಳಿದ ಒಂದು ಗುಟ್ಟು ಸಂಜೆಗೆ ಇಲ್ಲಿಗೆ ತಂದು ನಿಲ್ಲಿಸಿತ್ತು. ಬಾಯಿ ಮುಚ್ಚಿದ.

"ಸಾಕ್ಷಿ ಇಲ್ಲ, ಹೋಗಿ," ಎಂದರು ಇನ್‌ಸ್ಪೆಕ್ಟರ್. "ಪ್ರತಿ ಸೋಮವಾರ ಸ್ಟೇಷನ್ನಿಗೆ ಬಂದು ಸಹಿ ಹಾಕಿ."

ಹೆಂಡತಿ ಅವನನ್ನು ಮನೆಗೆ ಕರೆದುಕೊಂಡು ಹೋದಳು. ಒಳಗೆ ಬಂದ ಮೇಲೆ ಚಿಲಕ ಹಾಕಿ, ನೀರಿನ ಲೋಟ ಕೈಗಿಟ್ಟು, ಪಕ್ಕದಲ್ಲಿ ಕೂತು, ಬಹಳ ವರ್ಷಗಳಿಂದ ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ ಕೇಳಿದಳು: "ಎಲ್ಲಿಟ್ಟಿದೀರಿ?"

"ಏನನ್ನ?"

"ನಾನೇನು ಬೀದಿಗೆ ಹೇಳ್ತೀನಾ? ನಂಗಾದ್ರೂ ಹೇಳ್ಬಾರ್ದಾ?"

ಅವನು ಎಲ್ಲವನ್ನೂ ಹೇಳಿದ. ಟ್ಯೂಬು, ಚೀಲ, ನಲ್ಲಿ, ಯಾವುದನ್ನೂ ಬಿಡಲಿಲ್ಲ. ಅವಳು ಕೊನೆಯವರೆಗೂ ಕೇಳಿ ಎದ್ದು ನಿಂತಳು.

"ಸುಳ್ಳಾದ್ರೂ ಒಂಚೂರು ಮರ್ಯಾದೆಯದ್ದು ಹೇಳ್ಬಾರ್ದಾ," ಎಂದಳು.

ಮಾರನೆಯ ದಿನದಿಂದ ಅವಳು ಚಿಂದಿ ಬಟ್ಟೆಯ ಮೂಟೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದಾಳೆ. ಟೈಲರ್ ಸೋಮವಾರ ಸೋಮವಾರ ಸಹಿ ಹಾಕಿ ಬರುತ್ತಾನೆ. ಈ ನಡುವೆ ಬಾಮೈದ ಬಣ್ಣದ ಅಂಗಡಿ ತೆರೆದ. ಸಾಲ ಮಾಡಿದ್ದೇನೆ ಎನ್ನುತ್ತಾನೆ, ಇರಬಹುದು. ಜೆರಾಕ್ಸಿನವನು ಹೊಸ ಯಂತ್ರ ತಂದ. ಮೇಷ್ಟ್ರು ಮನೆಯ ಮೇಲೆ ಒಂದು ಕೋಣೆ ಏರಿಸಿದರು. ಅವರವರ ದುಡ್ಡಲ್ಲೇ ಮಾಡಿಕೊಂಡಿರಬಹುದು, ಇಲ್ಲ ಎನ್ನಲು ನನ್ನ ಹತ್ತಿರ ಏನೂ ಇಲ್ಲ. ಎರಡು ಗಂಟೆಗೆ ಆ ಫೋನು ಮಾಡಿದ್ದು ಯಾರು, ದುಡ್ಡು ಯಾರ ಕೈ ಸೇರಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.