ಕಾರ್ಡು ತಂದೆ, ಬಳಗವೆಲ್ಲ ಬಂತು

ಕಂಪ್ಯೂಟರಿನ ಸಾಮಾನು ಎಂದೂ ಒಂಟಿಯಾಗಿ ಬರುವುದಿಲ್ಲ. ಬೀಗರ ಹಾಗೆ ಬಳಗ ಕಟ್ಟಿಕೊಂಡೇ ಬರುತ್ತದೆ. ನಿಪ್ಪಾಣಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚುವುದು, ಮಡಚುವುದು ನನ್ನ ಹೊಟ್ಟೆಪಾಡು. ರಜೆಯ ದಿನ ಮನೆಯ ಕಂಪ್ಯೂಟರಿನಲ್ಲಿ ವಿಡಿಯೋ ಎಡಿಟಿಂಗ್ ಮಾಡುವುದು ನನ್ನ ಹುಚ್ಚು. ಈ ಹುಚ್ಚಿನಿಂದ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಕಾರ್ಡಿಗೊಂದು ಮನೆ

ವಿಡಿಯೋ ಸರಾಗ ಓಡಲೆಂದು ಮಿರಜಿಗೆ ಹೋಗಿ ಗ್ರಾಫಿಕ್ಸ್ ಕಾರ್ಡ್ ತಂದೆ. ಮನೆಗೆ ಬಂದು ನೋಡಿದರೆ ಅದು ಕಂಪ್ಯೂಟರಿನ ಡಬ್ಬಿಗಿಂತ ಉದ್ದ! ಅಂಗಡಿಯವನಿಗೆ ಫೋನ್ ಹಚ್ಚಿದೆ.

“ದೊಡ್ಡ ಕ್ಯಾಬಿನೆಟ್ ತಗೋರಿ ಸಾಹೇಬ್ರ,” ಎಂದ.

ತಂದೆ. ಕಾರ್ಡು ಕೂತಿತು, ಕಂಪ್ಯೂಟರ್ ಏಳಲಿಲ್ಲ. ಮತ್ತೆ ಫೋನು.

“ಹಳೇ ಪವರ್ ಸಪ್ಲೈ ಸಾಲಂಗಿಲ್ರಿ. ಈ ಕಾರ್ಡಿಗೆ ಕರೆಂಟ್ ಭಾಳ ಬೇಕು.”

ಅದನ್ನೂ ತಂದೆ. ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದಳು. “ಮದಲ ಕಾರ್ಡ್ ತಂದ್ರಿ. ಆಮ್ಯಾಲ ಅದಕ್ಕ ಮನಿ ತಂದ್ರಿ. ಈಗ ಊಟ ತಂದೀರಿ. ಇನ್ನ ಅದಕ್ಕೊಂದ್ ಹೆಣ್ಣ ನೋಡಿಬಿಡ್ರಿ, ಲಗ್ನಾ ಮಾಡಿ ಕೈ ತೊಳಕೊಳ್ಳೂಣು!”

ಕೂಗುವ ಡಬ್ಬಿ

ವಿಡಿಯೋ ಇನ್ನೇನು ಮುಗಿಯಿತು ಎನ್ನುವಾಗಲೇ ಕರೆಂಟು ಹೋಗುತ್ತಿತ್ತು. ಯುಪಿಎಸ್ ತಂದೆ. ಕರೆಂಟು ಹೋದೊಡನೆ ಅದು ಓಣಿಗೆಲ್ಲ ಕೇಳುವಂತೆ ಕುಂಯ್ ಕುಂಯ್ ಎಂದು ಕೂಗುತ್ತದೆ. ಬಾಜೂ ಮನೆಯ ಚಾಚಿ ಮೊದಮೊದಲು ಬೈದರು. ಒಂದು ಮಧ್ಯಾಹ್ನ ಅವರೇ ಬಂದರು.

“ಯಾಕೋ ಬೇಟಾ, ನಿನ್ನ ಡಬ್ಬಿ ಕೂಗವಲ್ದು? ಕೆಟ್ಟೈತೇನು?”

“ಇಲ್ರಿ ಚಾಚಿ, ಕರೆಂಟ್ ಐತಲ್ರಿ.”

“ಅಯ್ಯ, ಹಂಗಾರ ನಮ್ಮನಿ ಫ್ಯೂಜ್ ಹೋಗೇತಿ!”

ಸುದ್ದಿ ಓಣಿ ತುಂಬ ಹಬ್ಬಿತು. ಈಗ ಲೈನ್‌ಮನ್ ಕೂಡ ಕಂಬದ ಮೇಲಿಂದಲೇ ನನಗೆ ಫೋನ್ ಮಾಡುತ್ತಾನೆ: “ಕೂಗೂದ್ ನಿಂತೇನ್ರಿ? ಇಳೀಲೇನು?”

ಅಕ್ಕನ ಫೋನು

ಕಾಗವಾಡದಲ್ಲಿ ನಮ್ಮ ತಂಗಿಯ ಲಗ್ನವಾಯಿತು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನಿಗೆ ಮಾತ್ರ ಬರಲಾಗಲಿಲ್ಲ, ಕಾಲು ಮುರಿದಿತ್ತು. ಅವಳಿಗಾಗಿಯೇ ಲಗ್ನದ ವಿಡಿಯೋ ಮಾಡಿದೆ. ಮುಗಿಸಿ, ಹೆಂಡತಿಯನ್ನೂ ಕರೆದುಕೊಂಡು ಬೋರಗಾಂವದ ಅಕ್ಕನ ಮನೆಗೆ ಹೋದೆ.

ಅಕ್ಕನ ಹಳೇ ಟಿವಿ ನನ್ನ ವಿಡಿಯೋ ತೆರೆಯಲೇ ಇಲ್ಲ. ‘ಹೊಸ ಟಿವಿ’ ಎನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿದೆ. ಕೊನೆಗೆ ಅಕ್ಕನ ಗಾಜು ಒಡೆದ ಫೋನಿಗೇ ಹಾಕಿಕೊಟ್ಟೆ.

ಅಕ್ಕ ರೆಪ್ಪೆ ಬಡಿಯದೆ ನೋಡಿದಳು. ಅಕ್ಷತೆ ಬೀಳುವ ಮೊದಲು ತಂಗಿ, “ಅಕ್ಕಾ ಇರಬೇಕಿತ್ತು,” ಎಂದದ್ದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಫೋನನ್ನು ಎದೆಗೆ ಒತ್ತಿಕೊಂಡು, “ಎಷ್ಟ್ ಚಲೋ ಮಾಡೇತಿ ನನ್ನ ಫೋನ್! ನಿನಗ್ಯಾಕೋ ತಮ್ಮಾ ಅಷ್ಟೊಂದ್ ಸಾಮಾನ?” ಎಂದಳು.

ನನ್ನ ಮುಖ ಸಣ್ಣದಾಯಿತು. ತಟ್ಟನೆ ಹೆಂಡತಿ, “ಫೋನ್ ಅಲ್ರಿ ಅಕ್ಕಾರ, ಇವ್ರು ಮಾಡ್ಯಾರ! ಊಟಾ ನೀರಾ ಬಿಟ್ಟ ಕುಂತ ಮಾಡ್ಯಾರ!” ಎಂದಳು. ಲಗ್ನವಾದಾಗಿನಿಂದ ಅವಳು ನನ್ನನ್ನು ನಾಲ್ಕು ಜನರ ಮುಂದೆ ಹೊಗಳಿದ್ದು ಅದೇ ಮೊದಲು.

ತಿರುಗಿ ಬರುವಾಗ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದಳು. ನಿಪ್ಪಾಣಿ ಹತ್ತಿರ ಬಂದಾಗ ಮೆಲ್ಲಗೆ ಭುಜ ಮುಟ್ಟಿದಳು.

“ಏನ್ರಿ, ಲಗ್ನದಾಗ ನಾ ಹಾಡಿದ್ದ ವಿಡಿಯೋದಾಗ ಸರಿ ಕೇಳ್ಸಲಿಲ್ಲ. ಒಂದ್ ಚಲೋ ಮೈಕ್ ತಗೋಬಾರದ?”