ಎರಡೂ ಕೈ ಮುಗಿಯುವ ಮಿಸ್ಸು

ಬಸವನಗುಡಿಯಲ್ಲಿ ಕಾರು ಕಲಿಸುವವನು ನಗು ಹುಡುಕಿಕೊಂಡು ಹೋಗಬೇಕಿಲ್ಲ; ಅದು ತಾನೇ ಸೀಟ್ ಬೆಲ್ಟ್ ಹಾಕಿಕೊಂಡು ಪಕ್ಕದಲ್ಲಿ ಬಂದು ಕೂರುತ್ತದೆ. ಮಂಡ್ಯ ಕಡೆಯ ಹಳ್ಳಿಯಲ್ಲಿ ಮೀಸೆ ಬರುವ ಮೊದಲೇ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ರಿವರ್ಸಿನಲ್ಲಿ ಹೊರಗೆ ತಂದವನು ನಾನು. ನನ್ನ ಕೈಲಿ ಕಲಿತವರು ಒಬ್ಬರೂ ಫೇಲಾಗಿಲ್ಲ. ಇದು ಜಂಬವಲ್ಲ, ನಮ್ಮ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಬರೆಸಬೇಕಾದ ಮಾತು.

ಆ ಮಾತಿಗೆ ಬೆವರಿಳಿಸಿದವರು ಗವಿಪುರದ ಒಬ್ಬ ರಿಟೈರ್ಡ್ ಹೆಡ್‌ಮಿಸ್ಸು. ಬೇರೆ ಕಡೆ ಕಲಿತು ಎರಡು ಸಲ ಫೇಲಾಗಿ ಬಂದಿದ್ದರು. ಅವರ ಯಜಮಾನರಿಗೆ ಕಣ್ಣು ಮಂದವಾಗಿ, ಡಾಕ್ಟರು ಸ್ಟಿಯರಿಂಗ್ ಮುಟ್ಟಬೇಡಿ ಅಂದಿದ್ದರು.

"ಈ ಸಲವೂ ಹೋದ್ರೆ ಇವ್ರು ಕಾರು ಮಾರ್ಬಿಡ್ತಾರಂತೆ. ಆಮೇಲೆ ಮಲ್ಲೇಶ್ವರದ ನನ್ನ ತಂಗಿ ಮನೆಗೆ ಹೋಗೋಕೂ ಆಟೋದವ್ರನ್ನ ಬೇಡ್ಕೋಬೇಕು," ಅಂದರು.

"ನನ್ನ ಕೈಗೆ ಬಂದಿದೀರಲ್ಲ ಮಿಸ್, ಲೈಸೆನ್ಸು ಬಂತು ಅಂತ್ಲೇ ತಿಳ್ಕೊಳ್ಳಿ," ಅಂದೆ.

೧. ಗುಡಿಯಿಲ್ಲದ ರಸ್ತೆ

ಮೊದಲ ದಿನ ಕ್ಲಚ್ಚು, ಗೇರು ಎಲ್ಲ ಸರಿಯಾಗೇ ಇತ್ತು. ಮೂಲೆಯಲ್ಲಿ ಗಣಪನ ಗುಡಿ ಬಂತು. ಮಿಸ್ಸು ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮುಗಿದರು. ಕಾರು ಹೂವಿನಮ್ಮನ ಬುಟ್ಟಿಯ ಕಡೆ ಹೊರಟಿತು. ನಾನು ಕಿರುಚಿಕೊಂಡು ಕಲಿಸುವವನಿಗೆ ಅಂತ ಪಕ್ಕದ ಸೀಟಿಗೆ ಇಟ್ಟಿರುವ ಬ್ರೇಕು ಒತ್ತಿದೆ.

"ಒಂದೇ ಕೈಲಿ ಮುಗೀರಿ ಮಿಸ್."

"ಒಂದು ಕೈ ಎತ್ತಿದ್ರೆ ಅದು ನಮಸ್ಕಾರ ಅಲ್ಲಪ್ಪಾ, ದೇವ್ರಿಗೆ ಟಾಟಾ ಮಾಡ್ದಂಗೆ."

ಗುಡಿಯಿಲ್ಲದ ರಸ್ತೆ ಹುಡುಕಿ ಚಾಮರಾಜಪೇಟೆಯವರೆಗೂ ಸುತ್ತಿದೆ. ಕೊನೆಗೆ ಒಂದು ಸಿಕ್ಕಿತು. ಮಾರನೆ ದಿನ ಅಲ್ಲೂ ಮಿಸ್ಸಿನ ಕೈ ಮೇಲೆದ್ದವು.

"ಇಲ್ಲಿ ಯಾವ ದೇವ್ರು ಮಿಸ್?"

"ಆ ಮನೆ ಹಿತ್ತಿಲಲ್ಲಿ ನಾಗರಕಲ್ಲಿದೆ. ಹೊರಗಿಂದ ಬಂದೋರಿಗೆ ಗೊತ್ತಾಗಲ್ಲ."

೨. ಕೆಮ್ಮು

ಯಜಮಾನರು ಸಪೋರ್ಟಿಗೆ ಅಂತ ಹಿಂದಿನ ಸೀಟು ಹಿಡಿದರು. "ಗೇರು, ಬ್ರೇಕು, ಹಾರ್ನು" ಅಂತ ಒಂದೇ ಸಮ. "ಸಾರ್, ಇಲ್ಲಿ ಪಾಠ ಮಾಡೋನು ನಾನು," ಅಂದೆ. ಅವತ್ತಿನಿಂದ ಮಾತು ಬಂದ್, ಆಗಾಗ ಒಂದು ಕೆಮ್ಮು ಅಷ್ಟೆ. ಮಿಸ್ಸು ಸರಿಯಾದ ಹೊತ್ತಿಗೆ ಗೇರು, ಸರಿಯಾದ ಹೊತ್ತಿಗೆ ಬ್ರೇಕು. ನನ್ನ ಪಾಠ ಹೇಗೆ ನಾಟಿದೆ ನೋಡಿ ಅಂತ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಒಂದು ಬೆಳಿಗ್ಗೆ ಯಜಮಾನರಿಗೆ ನೆಗಡಿ, ಬಿಡದ ಕೆಮ್ಮು. ಕಾರು ದಾರಿಯುದ್ದಕ್ಕೂ ಕಪ್ಪೆಯ ಥರ ಕುಪ್ಪಳಿಸಿತು. ಕೊನೆಗೆ ಮಿಸ್ಸು ಹಿಂದೆ ತಿರುಗಿ ಕೇಳಿದರು:

"ರೀ, ಇದು ಬ್ರೇಕಿಂದೋ, ನೆಗಡಿದೋ?"

ಒಂದು ಕೆಮ್ಮಿಗೆ ಬ್ರೇಕು, ಎರಡಕ್ಕೆ ಗೇರು ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. ಮಾರನೆ ದಿನದಿಂದ ಯಜಮಾನರನ್ನು ಕಷಾಯದ ಜೊತೆ ಮನೆಯಲ್ಲೇ ಬಿಟ್ಟೆವು.

೩. ಐದು ನಿಮಿಷ

ಪ್ರತಿ ಕ್ಲಾಸು ಮುಗಿದ ಮೇಲೆ ಮಿಸ್ಸು ಮರದ ಕೆಳಗೆ ಕಾರು ನಿಲ್ಲಿಸಿ, "ಇಂಜಿನ್ ಆಫ್. ಐದು ನಿಮಿಷ. ಇವತ್ತು ಎಲ್ಲಿ ತಪ್ಪಿತು, ಯಾಕೆ ತಪ್ಪಿತು? ನಾನು ಹೇಳ್ತೀನಿ, ಆಮೇಲೆ ನೀನು," ಅನ್ನುತ್ತಿದ್ದರು. ಸ್ಕೂಲಿನಲ್ಲಿ ಮಕ್ಕಳಿಗೆ ಮಾಡಿಸಿದ ಅಭ್ಯಾಸ.

"ನಾನ್ಯಾಕೆ ಮಿಸ್? ನಾನು ಕಲಿಸೋನು."

"ಗುಡಿ ಹತ್ರ ಕಿರುಚಿದ್ಯಲ್ಲ, ಅದನ್ನ ಯಾರು ಹೇಳ್ಬೇಕು?"

ಆ ಮರದ ಕೆಳಗೇ ಉಪಾಯ ಹೊಳೆಯಿತು. ಗುಡಿ ಬಂದರೆ ಇಂಡಿಕೇಟರು, ಪಕ್ಕಕ್ಕೆ ಹಾಕು, ನ್ಯೂಟ್ರಲ್ಲು, ಹ್ಯಾಂಡ್‌ಬ್ರೇಕು. ಆಮೇಲೆ ಎರಡೂ ಕೈ. ಅವರಿಗೆ ರೂಢಿಯಾಗಲಿ ಅಂತ ಪ್ರತಿ ಗುಡಿಗೂ ನಾನೂ ಕೈ ಮುಗಿದೆ. ಆ ತಿಂಗಳು ಓಡಿಸಿದ ದೂರ ಕಡಿಮೆ, ಪುಣ್ಯ ಜಾಸ್ತಿ.

೪. ಪರೀಕ್ಷೆ

ಇನ್ಸ್‌ಪೆಕ್ಟರು ನನ್ನ ಸೀಟಿನಲ್ಲಿ, ನಾನು ಹಿಂದೆ. ತಿರುವಿನಲ್ಲಿ ಆಂಜನೇಯ ಕಂಡ. ನಾನು ಕಣ್ಣು ಮುಚ್ಚಿಕೊಂಡೆ. ಇಂಡಿಕೇಟರಿನ ಸದ್ದು ಕೇಳಿತು. ಹ್ಯಾಂಡ್‌ಬ್ರೇಕು ಕೇಳಿತು.

"ಯಾಕಮ್ಮಾ ನಿಲ್ಸಿದ್ರಿ?"

"ಎರಡೂ ಕೈ ಬೇಕಲ್ಲ ಸಾರ್."

ಇನ್ಸ್‌ಪೆಕ್ಟರು ಮಿಸ್ಸನ್ನು ನೋಡಿದರು, ಗುಡಿಯನ್ನು ನೋಡಿದರು, ಶೂ ಒಳಗಿಂದ ಕಾಲು ತೆಗೆದು ತಾವೂ ಕೈ ಮುಗಿದರು. "ಹೊರಡಿ," ಅಂದರು. ಮಿಸ್ಸು ಪಾಸು.

ವಾಪಸ್ಸು ಬರುವಾಗ ನಾನೇ ಓಡಿಸಿದೆ. "ನೋಡಿದ್ರಾ ಮಿಸ್, ನನ್ನ ಕೈಲಿ ಕಲಿತೋರು..." ಅಂತ ಶುರು ಮಾಡಿದ್ದೆ. ಅದೇ ಗಣಪನ ಗುಡಿ ಬಂತು. ತಿಂಗಳ ರೂಢಿ, ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಕಾರು ಅದೇ ಬುಟ್ಟಿಯ ಕಡೆ ಹೊರಟು, ಗಕ್ಕನೆ ನಿಂತಿತು. ಪಕ್ಕದ ಸೀಟಿನ, ಕಲಿಸುವವನ ಬ್ರೇಕಿನ ಮೇಲೆ ಮಿಸ್ಸಿನ ಕಾಲಿತ್ತು.

ಅವರು ಕಿರುಚಲಿಲ್ಲ. "ಇಂಜಿನ್ ಆಫ್ ಮಾಡಪ್ಪಾ. ಐದು ನಿಮಿಷ," ಅಂದರು.

ಹೂವಿನಮ್ಮ ಬುಟ್ಟಿ ಎಳೆದುಕೊಂಡು ಕಿಟಕಿಯ ಹತ್ತಿರ ಬಗ್ಗಿ ಮಿಸ್ಸನ್ನು ಕೇಳಿದಳು:

"ಒಂದು ತಿಂಗಳಿಂದ ಕಲಿಸ್ತಿದೀರಲ್ಲಮ್ಮಾ, ಈ ಹುಡುಗ ಪಾಸಾಗೋದು ಯಾವಾಗ?"