ಮೊರದ ಮೇಲಿನ ನಾಲ್ಕು ಈಡು

1951ರ ವಿಜಯದಶಮಿಯ ಬೆಳಿಗ್ಗೆ, ಕೊಳ್ಳೇಗಾಲ ತಾಲ್ಲೂಕಿನ ಪಡುವಣ ಅಂಚಿನ ಒಂದು ಕಬ್ಬಿನ ಗದ್ದೆಯ ಪಕ್ಕದಲ್ಲಿ, ಒಂದು ಕಾಡುಹಂದಿ ಒಂದೇ ಗುಂಡಿಗೆ ಬಿತ್ತು. ಹೊಡೆದವರು ನನ್ನ ಸೋದರಮಾವ. ಪತ್ರಿಕೆಗೆ ಇಷ್ಟು ಸಾಕು. ನಾನು ಮೈಸೂರಿನಲ್ಲಿ ಮಾಡುವ ಕೆಲಸವೇ ಅದು. ಎರಡು ಸಾಲು ಬರೆದು ಒಳಪುಟದ ಮೂಲೆಗೆ ಕಳಿಸಬಹುದು. ಆದರೆ ಎರಡು ಸಾಲಿನಲ್ಲಿ ಹಿಡಿಸದ ಒಂದು ಸಂಗತಿ ಇದೆ. ನನ್ನ ಮಾವ ಗುರಿಯಿಟ್ಟ ಜಾಗಕ್ಕೆ ತಮ್ಮ ಜನ್ಮದಲ್ಲಿ ಒಮ್ಮೆಯೂ ಹೊಡೆದವರಲ್ಲ! ಅಷ್ಟೇ ಅಲ್ಲ, ಒಮ್ಮೆಯೂ ಗುರಿ ತಪ್ಪಿದವರಲ್ಲ! ಎರಡೂ ಹೇಗೆ ನಿಜವಾದೀತು ಎನ್ನುತ್ತೀರಾ? ನಾನೂ ಹಾಗೇ ಅಂದಿದ್ದೆ.

ಮೊದಲು ಕೋವಿಯ ಕಥೆ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಬಿಳಿ ದೊರೆಯೊಬ್ಬ ಇಂಗ್ಲೆಂಡಿಗೆ ಹೊರಟಾಗ ಅವನ ಸಾಮಾನೆಲ್ಲ ಗಾಡಿಗೆ ಹೇರಿಸಿಕೊಟ್ಟವರು ಮಾವ. ಆ ಉಪಕಾರಕ್ಕೆ ಅವನು ಒಂಟಿ ನಳಿಗೆಯ ಹಳೆಯ ರೈಫಲ್ಲು, ಮದ್ದು-ಗುಂಡು ತುಂಬುವ ಒಂದಷ್ಟು ಹಿತ್ತಾಳೆಯ ಖಾಲಿ ತೋಟಾ, ಸೀಸ ಎರೆಯುವ ಅಚ್ಚು ಕೊಟ್ಟುಹೋದ. ಬೆಳೆ ಕಾಯಲೆಂದು ಲೈಸೆನ್ಸೂ ಆಯಿತು. ಆದದ್ದು ಯಾರಿಗೆ? ಮನೆಯೊಳಗೆ ಮೊಟ್ಟೆಯ ಹೆಸರೆತ್ತದ, ಕೊರಳಲ್ಲಿ ಲಿಂಗ ಕಟ್ಟಿದ, ಇರುವೆ ಸಾಲು ದಾಟುವಾಗಲೂ ಪಂಚೆ ಎತ್ತಿ ಹಿಡಿಯುವ ಮನುಷ್ಯನಿಗೆ! ಹಂದಿಗಳು ರಾಗಿ ಹೊಲಕ್ಕೆ ನುಗ್ಗಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸಿ, "ಓಗ್ರವ್ವಾ, ಓಗಿ, ಮಕ್ಕಳು ಮರಿ ಕರ್ಕಂಡು ಓಗಿ" ಎಂದು ಕೈಮುಗಿಯುತ್ತಿದ್ದರು.

ಹಾಗಾದರೆ ಅವರು ಹೊಡೆಯುತ್ತಿದ್ದುದು ಏನನ್ನು? ಮೊರವನ್ನು. ನಮ್ಮತ್ತೆಯ ಮೊರವನ್ನು!

ತೋಟಾಕ್ಕೆ ತುಂಬುವ ಮದ್ದು-ಗುಂಡಿನ ಒಂದು ಅಳತೆಗೆ ನಮ್ಮ ಕಡೆ ಈಡು ಎನ್ನುತ್ತಾರೆ. ಮಾವನದು ನಾಲ್ಕು ಬಗೆಯ ಈಡು. ಹಗುರ ಗುಂಡಿಗೆ ಕಡಿಮೆ ಮದ್ದು, ಹಗುರ ಗುಂಡಿಗೆ ಪೂರ್ತಿ ಮದ್ದು, ಭಾರದ ಗುಂಡಿಗೆ ಪೂರ್ತಿ ಮದ್ದು, ಭಾರದ ಗುಂಡಿಗೆ ಕಡಿಮೆ ಮದ್ದು. ತೋಟಾದ ಮೇಲೆ ಗುರುತಿಗೆ ಕ್ರಮವಾಗಿ ಅರಿಶಿನ, ಕುಂಕುಮ, ಸುಣ್ಣ, ಕಾಡಿಗೆ. ಇಷ್ಟಕ್ಕೂ ಒಂದೇ ಬಗೆ ತುಂಬಿದರೆ ಆಗದೆ? "ಒಂದೇ ತರ ಅಡುಗೆ ಮಾಡು ಅಂತ ನಿಮ್ಮತ್ತೆಗೆ ಯೋಳು ನೋಡಾನ" ಎಂಬುದು ಅವರ ಉತ್ತರ.

ಹಿತ್ತಲಿನ ಪಾಳುಗೋಡೆಗೆ ಮೊರ ಒರಗಿಸಿ, ಅದರ ನಟ್ಟನಡುವೆ ಸುಣ್ಣದ ಬೊಟ್ಟಿಟ್ಟು, ಪ್ರತಿ ಸಲವೂ ಆ ಬೊಟ್ಟಿಗೇ ಗುರಿಯಿಟ್ಟು ಹೊಡೆಯುವರು. ಬೊಟ್ಟಿಗೆ ಒಂದೂ ಬೀಳುತ್ತಿರಲಿಲ್ಲ! ಅರಿಶಿನದ್ದು ಎಡಕ್ಕೆ, ಕುಂಕುಮದ್ದು ಬಲಕ್ಕೆ, ಸುಣ್ಣದ್ದು ಒಂದು ಬೆರಳು ಮೇಲಕ್ಕೆ, ಕಾಡಿಗೆಯದು ಇನ್ನೂ ಮೇಲಕ್ಕೆ. ಮಾರನೆಯ ದಿನ ಹೊಡೆದರೂ ಹಾಗೇ, ಮಾರನೆಯ ವರ್ಷ ಹೊಡೆದರೂ ಹಾಗೇ. ಮೊರ ಬದಲಾದರೂ ತೂತುಗಳ ಜಾಗ ಬದಲಾಗುತ್ತಿರಲಿಲ್ಲ. ದಾರಿ ತಪ್ಪುವುದರಲ್ಲಿ ಇಷ್ಟು ಶಿಸ್ತು ನಾನು ಬೇರೆಲ್ಲೂ ಕಂಡಿಲ್ಲ!

ಅತ್ತೆ ಯಳಂದೂರು ಕಡೆಯ ಹೊನ್ನೂರಿನವರು. ಅಂದರೆ ಮೈಸೂರು ಸೀಮೆ. ಮಾವನ ಊರು, ಕೊಳ್ಳೇಗಾಲ ತಾಲ್ಲೂಕಾದ್ದರಿಂದ, ಮದರಾಸಿಗೆ ಸೇರಿದ್ದು. ನಡುವೆ ಇರುವುದು ಒಂದು ಹಳ್ಳ, ಎರಡು ಗದ್ದೆ.

"ನಾವು ಮಾರಾಜ್ರ ಪ್ರಜೆಗಳು. ನಮ್ಮ ಕಡೆ ಮೊರದಲ್ಲಿ ರಾಗಿ ಕೇರ್ತಾರೆ. ಈ ಮದ್ರಾಸಿನೋರು ಮೊರಕ್ಕೆ ಗುಂಡು ಒಡೀತಾರೆ!" ಎಂದು ಅತ್ತೆ ಜಗಲಿಗೆ ಬಂದವರೆದುರೆಲ್ಲ ಹೇಳುವರು.

"ನೋಡ್ಲಾ ಅಳಿಯ," ಎಂದು ಮಾವ ಮೊರದ ಬಲಗಡೆಯ ತೂತಿಗೆ ಬೆರಳು ತೂರಿಸುವರು. "ಈ ಕುಂಕುಮದ ಈಡು ಅದೆಯಲ್ಲ, ಯಾವಾಗ ಒಡುದ್ರೂ ನಿಮ್ಮತ್ತೆ ತವರು ಕಡೀಕೇ ಓಯ್ತದೆ. ಎಷ್ಟು ಯೋಳುದ್ರೂ ಕೇಳಾಕಿಲ್ಲ."

ಅತ್ತೆ ಬಿಟ್ಟಾರೆಯೇ? ತೂತಾದ ಮೊರಗಳನ್ನು ಎಸೆಯದೆ ಜರಡಿ ಮಾಡಿಕೊಂಡರು. ನಾಲ್ಕು ತೂತಿನಿಂದಲೂ ಹೊಟ್ಟು ಉದುರುವಂತೆ ಆಡಿಸುವ ಒಂದು ವಿದ್ಯೆ ಅವರ ಮಣಿಕಟ್ಟಿಗೆ ಬಂದಿತ್ತು. ಆ ಮನೆಯಲ್ಲಿ ಯಾವ ಕಷ್ಟವೂ ವ್ಯರ್ಥವಾಗುತ್ತಿರಲಿಲ್ಲ.

ನನಗೆ ನಂಬಿಕೆಯಾಗದಿದ್ದುದು ಕಾಡಿಗೆಯ ಈಡು. ಭಾರದ ಗುಂಡು, ಕಡಿಮೆ ಮದ್ದು; ಕೆಳಗೆ ಬೀಳಬೇಕಾದದ್ದು ಎಲ್ಲಕ್ಕಿಂತ ಮೇಲೆ ಬೀಳುವುದೇ? ಕೇಳಿದೆ. ಮಾವ ನನ್ನನ್ನು ಬಾವಿಯ ಏತದ ಬಳಿಗೆ ಕರೆದುಕೊಂಡು ಹೋದರು. ಆಳು ಏತದ ಉದ್ದನೆಯ ಮರದ ಮೇಲೆ ಹಿಂದೆ ಮುಂದೆ ನಡೆದು ನೀರೆತ್ತುತ್ತಿದ್ದ. ಮರದ ತುದಿ ಏಳುತ್ತಿತ್ತು, ಇಳಿಯುತ್ತಿತ್ತು. ಆ ತುದಿಯಲ್ಲಿ ಒಂದು ಕಾಗೆ ಕುಳಿತಿತ್ತು.

"ಕೋವಿ ಒದ್ದೇಟ್ಗೆ ಅದ್ರ ಮೂತಿ ಇಂಗೇ ಏಳ್ತದೆ. ಗುಂಡು ಅದ್ರೊಳ್ಗಿನ ಕಾಗೆ. ಚುರುಕು ಕಾಗೆ ಮರ ಏಳಾಕೆ ಮುಂಚೇನೇ ಆರೋಯ್ತದೆ. ಸೋಮಾರಿ ಕಾಗೆ ಮರದ ಜೊತೆ ಮ್ಯಾಕೆ ಓಗಿ ಆಮೇಲೆ ಆರ್ತದೆ. ಈಗ ಯೋಳು, ಯಾವ್ದು ಮ್ಯಾಲಿಂದ ಆರ್ತು?"

"ಸೋಮಾರಿ ಕಾಗೆ."

"ಆಂ! ಮರ ಎಡಕ್ಕೂ ಬಲಕ್ಕೂ ಒಸಿ ಓಲಾಡ್ತದೆ ನೋಡು. ಉಕ್ಕಾದ್ರೂ ಕೋವಿ ನಳಿಗೇನೂ ಅಂಗೇ ನಡುಗ್ತದೆ. ಯಾರು ಯಾವ ಗಳಿಗೇಲಿ ಬುಟ್ಟು ಓದ್ರೋ, ಅವ್ರ ದಾರಿ ಅತ್ಲಾಗೆ. ಗುಂಡಿನ್ದೇನೂ ತಪ್ಪಿಲ್ಲ ಕಣ್ಲಾ. ಒಂಟಾಗ ಮನೆ ಎಂಗಿತ್ತೋ ಅಂಗೆ."

ಅಷ್ಟರಲ್ಲಿ ಕಾಗೆ ಹಾರಿಹೋಯಿತು. ಅದು ಯಾವ ಜಾತಿಯ ಕಾಗೆಯೋ ನೋಡಲು ಮರೆತೆ.

ಇನ್ನು ಆ ವರ್ಷದ ಆಯುಧಪೂಜೆ. ಮದ್ದು ಸಿಗುವುದು ಕಷ್ಟವಾಗಿ, ಮನೆಯಲ್ಲಿ ಉಳಿದಿದ್ದುದು ನಾಲ್ಕೇ ತೋಟಾ, ಬಗೆಗೊಂದು. ಮಾವ ಅವನ್ನು ದೇವರ ಗೂಡಿನಲ್ಲಿಟ್ಟು ಗಾಡಿ ತೊಳೆಯಲು ಹೋಗಿದ್ದರು. ಬಂದು ನೋಡಿದರೆ ಗೂಡಿನಲ್ಲಿ ನಾಲ್ಕು ಚಿನ್ನದ ಗಟ್ಟಿಗಳು ಹೊಳೆಯುತ್ತಿವೆ! ಬಿಂದಿಗೆ, ಚೊಂಬು, ದೀಪದ ಕಂಬಗಳ ಜೊತೆಗೆ ಅತ್ತೆ ತೋಟಾಗಳನ್ನೂ ಹುಣಸೆಹಣ್ಣು ಹಾಕಿ ಬೆಳಗಿಬಿಟ್ಟಿದ್ದರು. ಹಿತ್ತಾಳೆ ಅಂದಮೇಲೆ ಹಿತ್ತಾಳೆ!

"ಅಯ್ಯೋ ಶಿವನೇ, ಗುರ್ತು ಎಲ್ಲೇ?"

"ಯಾವ್ದು, ಆ ಅಳೇ ಕೊಳೆನಾ? ಉಜ್ಜಿ ತಗುದಿವ್ನಿ. ಒಸದಾಗಿ ನಾಕ್ಕೂ ಅರಿಸಿನ ಕುಂಕುಮ ಇಕ್ಕಿವ್ನಿ. ಬೇದಬಾವ ಮಾಡ್ನಿಲ್ಲ."

ಮಾವ ನಾಲ್ಕನ್ನೂ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದರು. ನಾಲ್ಕು ಕಾಗೆಗಳಿಗೂ ಒಂದೇ ಮುಖ! ಅಂಗೈಯಲ್ಲಿ ತೂಗಿ ನೋಡಿದರು, ಕಿವಿಗೆ ಹಿಡಿದು ಅಲ್ಲಾಡಿಸಿದರು, ಮೂಸಿದರು. ಹುಣಸೆಹಣ್ಣಿನ ವಾಸನೆ ಬಂತು.

ಮಾರನೆಯ ಬೆಳಿಗ್ಗೆ ಗದ್ದೆಯ ಕಡೆಯಿಂದ ಕೂಗು ಕೇಳಿತು. ಬೆಳಗಿನ ಜಾವ ಹೊನ್ನೂರಿನ ಕಡೆ ಒಬ್ಬನ ತೊಡೆ ಸೀಳಿದ ಒಂಟಿ ಹಂದಿ ನಮ್ಮ ಕಬ್ಬಿನೊಳಗೆ ಸೇರಿಕೊಂಡಿದೆ. ಆಕಾಶಕ್ಕೆ ಹಾರಿಸಿ ಓಡಿಸೋಣವೆಂದು ಮಾವ ಕೋವಿ ಹಿಡಿದು, ನಾಲ್ಕು ತೋಟಾ ಜೇಬಿಗೆ ಹಾಕಿ ಹೊರಟರು. ಹಿಂದೆ ನಾನು. ಆಳುಗಳಿಗೆ ಬುತ್ತಿ ಕೊಡಲು ಅತ್ತೆ ಆಗಲೇ ಏತದ ಬಳಿ ಹೋಗಿದ್ದಾರೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಬದುವಿನ ಮೇಲೆ ಹತ್ತಿದಾಗ ಕಂಡೆವು. ಹಂದಿ ಕಬ್ಬಿನಿಂದ ಹೊರಬಂದು ಅಡ್ಡಲಾಗಿ ನಿಂತಿತ್ತು, ಬೆನ್ನಿನ ಕೂದಲು ನಿಗುರಿತ್ತು. ಅದರ ಮೂತಿ ಬಲಕ್ಕಿತ್ತು. ಮೂತಿಯ ಮುಂದೆ, ಹಸು ಕಟ್ಟುವ ಹಗ್ಗದಷ್ಟು ದೂರದಲ್ಲಿ, ಏತದ ಕಂಬಕ್ಕೆ ಒತ್ತಿಕೊಂಡು, ಬುತ್ತಿಯ ಕುಕ್ಕೆಯನ್ನು ಎದೆಗೆ ಹಿಡಿದು ಅತ್ತೆ ನಿಂತಿದ್ದರು. ಹಂದಿ ನೆಲ ಕೆರೆಯಿತು. ಆಕಾಶಕ್ಕೆ ಹಾರಿಸಿದರೆ ಅದು ಬೆದರಿ ನುಗ್ಗುವುದು ಮುಂದಕ್ಕೇ.

ಮಾವ ಜೇಬಿಗೆ ಕೈಹಾಕಿ ಸಿಕ್ಕಿದ ತೋಟಾ ತುಂಬಿದರು. ಯಾವುದೆಂದು ನೋಡಲಿಲ್ಲ, ನೋಡಿದರೂ ತಿಳಿಯುತ್ತಿರಲಿಲ್ಲ. ಕೋವಿ ಭುಜಕ್ಕೇರಿತು. ಒಂದು ಗಳಿಗೆ ನಳಿಗೆಯ ಮೂತಿ ಹಂದಿಯ ಮೈಮೇಲೆ ಎಡಕ್ಕೂ ಕೆಳಕ್ಕೂ ಅಲೆದು, ಒಂದು ಕಡೆ ನಿಂತಿತು. ಈಡು ಹಾರಿತು. ಹೊಗೆ ಸರಿದಾಗ ಹಂದಿ ಬಿದ್ದಿತ್ತು, ಅತ್ತೆ ನಿಂತಿದ್ದರು.

ಆಳುಗಳು ಕುಣಿದರು. ಮಾವ ಬದುವಿನ ಮೇಲೆ ಕುಳಿತುಬಿಟ್ಟರು. ಗುಂಡು ಎಲ್ಲಿ ಬಿದ್ದಿದೆ ನೋಡೋಣವೆಂದು ನಾನು ಹೊರಟೆ.

"ನೋಡ್ಬ್ಯಾಡ, ಬಾ ಇಲ್ಲಿ" ಎಂದರು.

"ಯಾವ ಈಡು ಅಂತ ಗೊತ್ತಿರಲಿಲ್ಲವಲ್ಲ ಮಾವ. ಎಲ್ಲಿಗೆ ಗುರಿಯಿಟ್ಟಿರಿ?"

"ಅಂದಿ ಮ್ಯಾಲೆ ಮೊರ ಮಡಗ್ದೆ" ಎಂದರು.

"ಏನು?"

"ಕಣ್ಣಾಗೇ ಮಡಗ್ದೆ ಕಣ್ಲಾ. ನಾಕು ತೂತೂ ಅಂದಿ ಮೈಮ್ಯಾಲೇ ಬರಂಗೆ. ಒಂದೂ ಅವಳ ಸೀರೆಗೆ ತಾಕದಂಗೆ."

ನಾನು ವರದಿಗಾರ, ಕೇಳಿದ್ದಕ್ಕೆ ತಕ್ಷಣ ಇನ್ನೊಂದು ಪ್ರಶ್ನೆ ಹಾಕುವುದು ನನ್ನ ಅನ್ನ. ಆ ದಿನ ಪ್ರಶ್ನೆ ಹುಟ್ಟಲಿಲ್ಲ. ಬೊಟ್ಟಿಗೆ ಒಂದೂ ತಾಗದ ಅಷ್ಟು ವರ್ಷಗಳ ಗುಂಡುಗಳೆಲ್ಲ ಆ ಒಂದು ಗಳಿಗೆಯಲ್ಲಿ ಸಾಲಾಗಿ ಬಂದು ಕೈಕಟ್ಟಿ ನಿಂತ ಹಾಗೆ ಕಂಡಿತು.

ಗುರುತಿಲ್ಲದ ತೋಟಾ ಮನೆಯಲ್ಲಿರಬಾರದೆಂದು ಮಾವ ಆ ಸಂಜೆಯೇ ಉಳಿದ ಮೂರನ್ನೂ ಹೊಸ ಮೊರಕ್ಕೆ ಹೊಡೆದರು. ಮೊರವನ್ನು ತಂದು ಜಗಲಿಯ ಮೇಲೆ ಬೋರಲು ಹಾಕಿ, ಕಾಲು ತೊಳೆಯಲು ಹೋದರು. ಅತ್ತೆ ಅದನ್ನು ಎತ್ತಿಕೊಂಡು, ಅಭ್ಯಾಸದಂತೆ ಒಂದು ಸಲ ಆಡಿಸಿದರು. ಮಣಿಕಟ್ಟು ಅರ್ಧಕ್ಕೆ ನಿಂತಿತು. ಮೊರವನ್ನು ಬೆಳಕಿಗೆ ಹಿಡಿದರು.

"ಎಡಗಡೇದು ಅದೆ. ಮ್ಯಾಲಿನ್ವು ಎರಡೂ ಅವೆ" ಎಂದರು. ಆಮೇಲೆ, "ಬಲಗಡೇದು ಇಲ್ಲ."

ಮಾವ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಬಲಗಡೆ ನಾನಲ್ವಾ ನಿಂತಿದ್ದುದು?" ಎಂದರು ಅತ್ತೆ.

ಮಾವ ಚೊಂಬನ್ನು ಹೊಸಿಲಿನ ಮೇಲಿಟ್ಟರು. ಅತ್ತೆ ಮೊರದ ಬಲಗಡೆ, ತೂತಿಲ್ಲದ ಜಾಗದ ಮೇಲೆ ಅಂಗೈ ಇಟ್ಟರು. ಆಮೇಲೆ ಅದನ್ನು ಗೋಡೆಗೆ ಒರಗಿಸಿ, "ಕೈ ತೊಳ್ಕಳಿ, ಮುದ್ದೆ ಆರೋಯ್ತದೆ" ಎಂದರು.

ಮುಂದಿನ ವಾರ ಮಾವ ಕೋವಿಯನ್ನೂ ಲೈಸೆನ್ಸನ್ನೂ ಕೊಳ್ಳೇಗಾಲಕ್ಕೆ ಹೋಗಿ ಒಪ್ಪಿಸಿದರು. ಬರುವಾಗ ಸಂತೆಯಿಂದ ಒಂದು ಮೊರ ತಂದರು.

ಈ ಸಲದ ದೀಪಾವಳಿಗೆ ಹೋಗಿದ್ದೆ. ಅತ್ತೆ ಅದೇ ಮೊರದಲ್ಲಿ ರಾಗಿ ಕೇರುತ್ತಿದ್ದರು. ಮಾವ ಎದುರಿಗೆ ಕುಳಿತು ಕಲ್ಲು ಆರಿಸುತ್ತಿದ್ದರು. ಮೊರದಲ್ಲಿ ಒಂದೂ ತೂತಿಲ್ಲ.